ರ್ಯೊಕಾನ್‌ನಲ್ಲಿ ಒಂದು ರಾತ್ರಿ: ಜಪಾನಿನ ಸಂಸ್ಕೃತಿಯನ್ನು ಒಳಗಿನಿಂದ ಕಾಣುವ ಕ್ರಮ

ಜಪಾನಿಗೆ ಹೋಗಿಬಂದವರ ಮಾತುಗಳನ್ನು ಕೇಳುತ್ತ ಹೋದರೆ ಒಂದು ಸಂಗತಿ ಬೇಗನೆ ಗಮನಕ್ಕೆ ಬರುತ್ತದೆ. ಕ್ಯೋಟೊದ ಚಿನ್ನದ ಮಂಟಪ, ಫುಶಿಮಿ ಇನಾರಿಯ ಕೆಂಪು ತೋರಣಗಳ ಸಾಲು, ಟೋಕಿಯೊದ ಶಿಬುಯಾ ವೃತ್ತದ ಜನಸಂದಣಿ ಇವುಗಳ ಬಗ್ಗೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಮಾತನ್ನು ಹೇಳುತ್ತಾರೆ. ಹಳೆಯ ಪದ್ಧತಿಯ ವಸತಿಗೃಹವಾದ ರ್ಯೊಕಾನ್‌ನಲ್ಲಿ ಉಳಿದವರ ಅನುಭವ ಮಾತ್ರ ಒಬ್ಬರಿಂದ ಒಬ್ಬರಿಗೆ ತೀರ ಬೇರೆಯಾಗಿರುತ್ತದೆ. ಕೆಲವರಿಗೆ ಅದು ಇಡೀ ಪ್ರವಾಸದ ಅತ್ಯುತ್ತಮ ರಾತ್ರಿ. ಇನ್ನು ಕೆಲವರಿಗೆ ದುಬಾರಿ ಹಣ ತೆತ್ತು, ಊಟ ಸೇರದೆ, ನೆಲದ ಮೇಲೆ ಹೊರಳಾಡಿ ಕಳೆದ ರಾತ್ರಿ. ಈ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಕಾರಣ ಸಿದ್ಧತೆಯೇ ಹೊರತು ಅದೃಷ್ಟವಲ್ಲ. ರ್ಯೊಕಾನ್ ಎಂಬುದು ಮಲಗಲು ಕೋಣೆ ಕೊಡುವ ಜಾಗವಷ್ಟೇ ಅಲ್ಲ. ಪಾದರಕ್ಷೆ ಕಳಚುವುದರಿಂದ ಹಿಡಿದು ಸ್ನಾನ, ಉಡುಪು, ಊಟ, ನಿದ್ರೆಯವರೆಗೆ ಎಲ್ಲಕ್ಕೂ ಒಂದು ಕ್ರಮವಿರುವ ಮನೆ. ಆ ಕ್ರಮವನ್ನು ಮೊದಲೇ ತಿಳಿದುಕೊಂಡು ಹೋದವರಿಗೆ ದೇವಾಲಯ, ವಸ್ತುಸಂಗ್ರಹಾಲಯಗಳು ಕೊಡಲಾರದ ಅನುಭವವೊಂದು ಅಲ್ಲಿ ಸಿಗುತ್ತದೆ. ಆದ್ದರಿಂದ ಪ್ರವಾಸದ ಪಟ್ಟಿಯಿಂದ ಎರಡು ನಗರಗಳನ್ನು ಕೈಬಿಟ್ಟಾದರೂ ಇಂಥ ಒಂದು ರಾತ್ರಿಗೆ ಜಾಗ ಮಾಡಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ.

ಕಾಯ್ದಿರಿಸುವ ಮುನ್ನ

ರ್ಯೊಕಾನ್‌ನ ದರವನ್ನು ಸಾಮಾನ್ಯವಾಗಿ ಕೋಣೆಗೆ ಇಷ್ಟೆಂದು ಹೇಳುವುದಿಲ್ಲ, ತಲೆಗೆ ಇಷ್ಟೆಂದು ಹೇಳುತ್ತಾರೆ. ರಾತ್ರಿಯ ಊಟ, ಬೆಳಗಿನ ಉಪಾಹಾರ ಎರಡೂ ಅದರಲ್ಲಿ ಸೇರಿರುತ್ತವೆ. ಹೋಟೆಲಿನ ದರದೊಂದಿಗೆ ಹೋಲಿಸುವಾಗ ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಶನಿವಾರ ಹಾಗೂ ರಜೆಯ ಹಿಂದಿನ ರಾತ್ರಿಗಳಲ್ಲಿ ದರ ಏರುತ್ತದೆ; ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ರಜಾ ಸರಣಿ, ಆಗಸ್ಟ್ ಮಧ್ಯದ ಓಬೊನ್ ಹಬ್ಬ, ಹೊಸ ವರ್ಷ ಈ ಮೂರು ಕಾಲಗಳಲ್ಲಿ ಜಪಾನೀಯರೇ ದೊಡ್ಡ ಸಂಖ್ಯೆಯಲ್ಲಿ ಪ್ರಯಾಣ ಮಾಡುವುದರಿಂದ ಕೋಣೆ ಸಿಗುವುದೇ ಕಷ್ಟ. ಒಬ್ಬರೇ ಹೋಗುವವರಿಗೆ ಕೆಲವು ಕಡೆ ಕೋಣೆ ಕೊಡುವುದಿಲ್ಲ, ಕೊಟ್ಟರೂ ದರ ಹೆಚ್ಚು. ವಾರದ ನಡುವಿನ ದಿನವನ್ನು ಆರಿಸಿಕೊಂಡರೆ ಈ ತೊಡಕುಗಳಲ್ಲಿ ಹೆಚ್ಚಿನವು ತಾವಾಗಿಯೇ ಕಡಿಮೆಯಾಗುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಆಹಾರದ ವಿಷಯ. ರ್ಯೊಕಾನ್‌ನ ಊಟ ಅತಿಥಿ ಬಂದ ಮೇಲೆ ಪಟ್ಟಿ ನೋಡಿ ಹೇಳಿ ಮಾಡಿಸುವಂಥದ್ದಲ್ಲ. ಆ ದಿನ ಎಷ್ಟು ಮಂದಿ ಬರುತ್ತಾರೆಂಬ ಲೆಕ್ಕದ ಮೇಲೆ ಮುಂಚಿತವಾಗಿ ಸಾಮಗ್ರಿ ತರಿಸಿ ಸಿದ್ಧಪಡಿಸುವಂಥದ್ದು. ಹೀಗಾಗಿ ಊಟದ ಮಣೆಯ ಮುಂದೆ ಕುಳಿತ ಮೇಲೆ ‘ಮೀನು ತಿನ್ನುವುದಿಲ್ಲ’ ಎಂದು ಹೇಳಿದರೆ ಅತಿಥಿಗೂ ಉಪವಾಸ, ಅಡುಗೆಯವರಿಗೂ ಸಂಕಟ. ಸಸ್ಯಾಹಾರಿಗಳು ಕಾಯ್ದಿರಿಸುವಾಗಲೇ ತಿಳಿಸಬೇಕು, ಅದೂ ‘ಸಸ್ಯಾಹಾರಿ’ ಎಂಬ ಒಂದು ಪದದಲ್ಲಲ್ಲ. ಜಪಾನಿನ ಸಾರು, ಬೇಯಿಸಿದ ತರಕಾರಿ, ಅದ್ದಿಕೊಳ್ಳುವ ರಸ ಇವೆಲ್ಲಕ್ಕೂ ಮೂಲವಾದ ದಾಶಿ ಎಂಬ ತಿಳಿಯನ್ನು ಸಾಮಾನ್ಯವಾಗಿ ಕೊಂಬು ಎಂಬ ಕಡಲಕಳೆ ಮತ್ತು ಒಣಗಿಸಿ ಹೆರೆದ ಬೊನಿಟೊ ಮೀನಿನಿಂದ ತಯಾರಿಸುತ್ತಾರೆ. ತಟ್ಟೆಯಲ್ಲಿ ಮೀನಿನ ತುಂಡು ಇಲ್ಲದಿದ್ದರೆ ಅದು ಸಸ್ಯಾಹಾರವೇ ಎಂದು ಭಾವಿಸುವ ಅಡುಗೆಯವರು ಇದ್ದಾರೆ. ಆದ್ದರಿಂದ ಮಾಂಸ, ಮೀನು, ಸಿಗಡಿ, ಮೊಟ್ಟೆ, ಮೀನಿನ ದಾಶಿ ಇವುಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಒಂದೊಂದಾಗಿ ಬರೆದು ತಿಳಿಸಿ, ಒಪ್ಪಿಗೆಯ ಉತ್ತರ ಬಂದ ಮೇಲೆಯೇ ಹಣ ಕಟ್ಟಬೇಕು. ಆಗುವುದಿಲ್ಲವೆಂದು ಅವರು ನೇರವಾಗಿ ಹೇಳಿದರೆ ಬೇಸರಪಡಬಾರದು. ಅರೆಮನಸ್ಸಿನ ಒಪ್ಪಿಗೆಗಿಂತ ಅದು ಎಷ್ಟೋ ಮೇಲು. ಅಂಥವರಿಗೆ ಇನ್ನೊಂದು ದಾರಿಯಿದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ದೊಡ್ಡ ಸೂಟ್‌ಕೇಸುಗಳನ್ನು ರ್ಯೊಕಾನ್‌ವರೆಗೆ ಎಳೆದುಕೊಂಡು ಹೋಗುವ ಅಗತ್ಯವಿಲ್ಲ. ಟಕ್ಯುಬಿನ್ ಎಂಬ ಸಾಮಾನು ಸಾಗಣೆಯ ಸೇವೆಯ ಮೂಲಕ ಒಂದು ನಗರದ ಹೋಟೆಲಿನಿಂದ ಮುಂದಿನ ನಗರದ ಹೋಟೆಲಿಗೆ ಪೆಟ್ಟಿಗೆಯನ್ನು ಕಳುಹಿಸಿದರೆ ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ಒಂದು ರಾತ್ರಿಗೆ ಬೇಕಾದಷ್ಟನ್ನು ಸಣ್ಣ ಚೀಲದಲ್ಲಿ ಇಟ್ಟುಕೊಂಡರೆ ಸಾಕು. ಟೋಕಾಯ್ಡೊ, ಸಾನ್ಯೊ, ಕ್ಯೂಶು ಮಾರ್ಗಗಳ ಶಿಂಕಾನ್ಸೆನ್ ರೈಲುಗಳಲ್ಲಿ ಉದ್ದ, ಅಗಲ, ಎತ್ತರ ಸೇರಿ 160 ಸೆಂಟಿಮೀಟರ್ ಮೀರುವ ಪೆಟ್ಟಿಗೆಯಿದ್ದರೆ 2020ರಿಂದ ಅದನ್ನಿಡಲು ಜಾಗವಿರುವ ಆಸನವನ್ನು ಮುಂಚಿತವಾಗಿ ಕಾಯ್ದಿರಿಸಬೇಕಾಗಿದೆ, ಇಲ್ಲದಿದ್ದರೆ 1,000 ಯೆನ್ ಶುಲ್ಕ ತೆರಬೇಕಾಗುತ್ತದೆ ಎಂಬುದನ್ನು ನೆನೆದರೆ ಈ ಸೇವೆಯ ಬೆಲೆ ತಿಳಿಯುತ್ತದೆ.

ಹೊಸ್ತಿಲು, ಕೋಣೆ, ಉಡುಪು

ಕೋಣೆಗಳು ಸಾಮಾನ್ಯವಾಗಿ ಮಧ್ಯಾಹ್ನ ಮೂರು ಗಂಟೆಗೆ ಸಿದ್ಧವಾಗುತ್ತವೆ, ಊಟ ಆರು ಗಂಟೆಯ ಆಸುಪಾಸಿನಲ್ಲಿ ಆರಂಭವಾಗುತ್ತದೆ. ರಾತ್ರಿ ಎಂಟಕ್ಕೆ ಬಂದು ಮಲಗಿ, ಬೆಳಿಗ್ಗೆ ಎದ್ದು ಹೋಗುವವರು ತೆತ್ತ ಹಣದ ಅರ್ಧಭಾಗವನ್ನು ಬಾಗಿಲಲ್ಲೇ ಬಿಟ್ಟಂತೆ. ಮೂರೂವರೆ, ನಾಲ್ಕರೊಳಗೆ ತಲುಪುವಂತೆ ರೈಲನ್ನು ಆರಿಸಿಕೊಳ್ಳಬೇಕು. ತಡವಾಗುವುದು ಖಚಿತವಾದರೆ ದೂರವಾಣಿಯಲ್ಲಿ ತಿಳಿಸಬೇಕು.

ಬಾಗಿಲು ದಾಟಿದೊಡನೆ ಸಿಗುವ ತಗ್ಗಾದ ಜಾಗ ಗೆಂಕಾನ್. ಪಾದರಕ್ಷೆಗಳನ್ನು ಅಲ್ಲಿಯೇ ಕಳಚಿ, ಕಳಚಿದ ಕಾಲನ್ನು ಮತ್ತೆ ಆ ತಗ್ಗಿನ ನೆಲಕ್ಕೆ ಊರದೆ, ನೇರವಾಗಿ ಮೇಲಿನ ಮೆಟ್ಟಿಲಿಗೆ ಏರಬೇಕು. ಅನಂತರ ಪಾದರಕ್ಷೆಗಳ ತುದಿಯನ್ನು ಹೊರಮುಖವಾಗಿ ತಿರುಗಿಸಿಡುವುದು ರೂಢಿ, ಆದರೆ ಅನೇಕ ಕಡೆ ಸಿಬ್ಬಂದಿಯೇ ಅದನ್ನು ಮಾಡುತ್ತಾರೆ. ಒಳಗಿನ ಮರದ ಓಣಿಗಳಲ್ಲಿ ಚಪ್ಪಲಿ ಹಾಕಿಕೊಳ್ಳಬಹುದು. ಹುಲ್ಲಿನ ಹಾಸಾದ ತತಾಮಿಯ ಮೇಲೆ ಆ ಚಪ್ಪಲಿಯೂ ಸಲ್ಲದು. ಬರಿಗಾಲು ಅಥವಾ ಕಾಲುಚೀಲ ಮಾತ್ರ. ಶೌಚಾಲಯದ ಒಳಗೆ ಬೇರೆಯದೇ ಚಪ್ಪಲಿ ಇರುತ್ತದೆ, ಅದನ್ನು ಅಲ್ಲಿಯೇ ಬಿಟ್ಟು ಬರಬೇಕು. ಪ್ರವಾಸಿಗರು ಅತಿ ಹೆಚ್ಚಾಗಿ ಎಡವುವುದು ಇಲ್ಲಿಯೇ: ಶೌಚಾಲಯದ ಚಪ್ಪಲಿಯಲ್ಲೇ ಕೋಣೆಯವರೆಗೆ ನಡೆದುಬಂದು, ಎದುರಿಗೆ ಸಿಕ್ಕವರ ಮುಖದಲ್ಲಿ ಅಡಗಿಸಿದ ನಗುವನ್ನು ಕಾಣುವುದು. ಕಾಲುಚೀಲದಲ್ಲಿ ತೂತಿಲ್ಲವೆಂಬುದನ್ನು ಹೊರಡುವ ಮುನ್ನ ನೋಡಿಕೊಳ್ಳುವುದು ಸಣ್ಣ ಸಲಹೆಯಂತೆ ಕಂಡರೂ ಜಪಾನಿನಲ್ಲಿ ದಿನಕ್ಕೆ ಹಲವು ಬಾರಿ ನೆರವಿಗೆ ಬರುತ್ತದೆ.

ಕೋಣೆಯಲ್ಲಿ ಗಾಲಿಯ ಪೆಟ್ಟಿಗೆಯನ್ನು ತತಾಮಿಯ ಮೇಲೆ ಉರುಳಿಸಬಾರದು, ಎತ್ತಿಕೊಂಡು ಹೋಗಬೇಕು. ಗೋಡೆಯಲ್ಲಿ ಒಂದು ಕಡೆ ತುಸು ಎತ್ತರಿಸಿದ ನೆಲವಿದ್ದು, ತೂಗುಚಿತ್ರವೋ ಹೂವಿನ ಅಲಂಕಾರವೋ ಇರುವ ಗೂಡಿನಂಥ ಜಾಗ ತೊಕೊನೊಮಾ. ನೋಡಲು ಖಾಲಿಯಿದೆಯೆಂದು ಅಲ್ಲಿ ಚೀಲಗಳನ್ನು ಇಡುವುದು ಅತಿಥಿಯಿಂದ ಆಗಬಹುದಾದ ದೊಡ್ಡ ಅಗೌರವಗಳಲ್ಲಿ ಒಂದು. ಮೇಜಿನ ಮೇಲೆ ಚಹಾ ಮತ್ತು ಒಂದು ಸಿಹಿ ಕಾದಿರುತ್ತವೆ. ಅದನ್ನು ಸ್ನಾನಕ್ಕೆ ಮುಂಚೆಯೇ ತಿನ್ನುವುದು ಒಳ್ಳೆಯದು, ಏಕೆಂದರೆ ಖಾಲಿ ಹೊಟ್ಟೆಯಲ್ಲಿ ಬಿಸಿನೀರಿಗೆ ಇಳಿದರೆ ತಲೆ ಸುತ್ತಬಹುದು.

ಕೋಣೆಯಲ್ಲಿ ಮಡಿಸಿಟ್ಟ ಹತ್ತಿಯ ನಿಲುವಂಗಿ ಯುಕಾತಾ. ಊಟಕ್ಕೂ, ಸ್ನಾನಕ್ಕೆ ಹೋಗಿಬರಲೂ, ನಿದ್ರೆಗೂ ಅದನ್ನೇ ಧರಿಸಬಹುದು. ಎಡ ಅಂಚು ಮೇಲೆ ಬರುವಂತೆ, ಅಂದರೆ ಮೊದಲು ಬಲಭಾಗವನ್ನು ಮೈಗೆ ಸುತ್ತಿ, ಅದರ ಮೇಲೆ ಎಡಭಾಗವನ್ನು ತರಬೇಕು. ಇದರ ತಿರುಗುಮುರುಗು ಕ್ರಮದಲ್ಲಿ ಉಡುಪು ತೊಡಿಸುವುದು ಮೃತದೇಹಕ್ಕೆ. ಹೆಣ್ಣು ಗಂಡೆಂಬ ಭೇದವಿಲ್ಲದೆ ಎಲ್ಲರಿಗೂ ಈ ನಿಯಮ ಒಂದೇ. ನಡುಪಟ್ಟಿಯಾದ ಒಬಿಯನ್ನು ಗಂಡಸರು ಸೊಂಟದ ಕೆಳಗೆ, ಹೆಂಗಸರು ಸೊಂಟದ ಮೇಲೆ ಕಟ್ಟುತ್ತಾರೆ. ಬಿಸಿನೀರಿನ ಬುಗ್ಗೆಗಳ ಊರುಗಳಲ್ಲಿ ಇದೇ ಉಡುಪಿನಲ್ಲಿ ಬೀದಿಗೂ ಹೋಗಬಹುದು, ಆದರೆ ದೊಡ್ಡ ನಗರಗಳ ಪಾಶ್ಚಾತ್ಯ ಮಾದರಿಯ ಹೋಟೆಲುಗಳಲ್ಲಿ ಯುಕಾತಾ ಕೊಟ್ಟರೂ ಅದು ಕೋಣೆಯೊಳಗಿನ ಉಡುಪು ಮಾತ್ರ.

ಬಿಸಿನೀರಿಗೆ ಇಳಿಯುವುದು

ಒನ್ಸೆನ್ ಎಂದರೆ ಬಿಸಿ ಮಾಡಿದ ನೀರಿನ ತೊಟ್ಟಿಯಲ್ಲ. 1948ರ ಕಾನೂನಿನ ಪ್ರಕಾರ ಭೂಮಿಯಿಂದ ಹೊರಬರುವಾಗ ನೀರು 25 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಬಿಸಿಯಿರಬೇಕು, ಇಲ್ಲವೇ ಗೊತ್ತುಪಡಿಸಿದ 19 ಖನಿಜಾಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿ ಅದರಲ್ಲಿರಬೇಕು. ಊರಿಂದ ಊರಿಗೆ ನೀರಿನ ಗುಣ ಬದಲಾಗುತ್ತದೆ. ಗುನ್ಮಾ ಪ್ರಾಂತದ ಕುಸಾತ್ಸುವಿನ ನೀರು ತೀವ್ರ ಆಮ್ಲೀಯ, ಬುಗ್ಗೆಯಿಂದ ಬಂದಾಗ ಮೈಗೆ ತಾಗಿಸಲಾಗದಷ್ಟು ಬಿಸಿ. ತಣ್ಣೀರು ಬೆರೆಸಿದರೆ ಸತ್ವ ಹೋಗುತ್ತದೆಂದು ಉದ್ದನೆಯ ಮರದ ಹಲಗೆಗಳಿಂದ ಕದಡಿ ಆರಿಸುವ ಪದ್ಧತಿ ಅಲ್ಲಿ ಹಿಂದಿನಿಂದ ಬಂದಿದೆ. ಗಂಧಕದ ನೀರಿನಲ್ಲಿ ಬೆಳ್ಳಿಯ ಒಡವೆ ಕಪ್ಪಾಗುವುದರಿಂದ ಉಂಗುರ, ಸರಗಳನ್ನು ಕೋಣೆಯಲ್ಲೇ ತೆಗೆದಿಡಬೇಕು.

ಹೆಚ್ಚಿನ ಪ್ರಯಾಣಿಕರನ್ನು ಹಿಂಜರಿಯುವಂತೆ ಮಾಡುವುದು ನೀರಿನ ಬಿಸಿಯಲ್ಲ, ಅಪರಿಚಿತರ ನಡುವೆ ಬೆತ್ತಲಾಗಬೇಕೆಂಬುದು. ಈಜುಡುಗೆಗೆ ಅಲ್ಲಿ ಅವಕಾಶವಿಲ್ಲ. ಗಂಡಸರ, ಹೆಂಗಸರ ಸ್ನಾನಗೃಹಗಳು ಬೇರೆಬೇರೆಯಾಗಿರುತ್ತವೆ. ಬಾಗಿಲಿನ ಪರದೆ ಬಹುತೇಕ ಕಡೆ ಗಂಡಸರಿಗೆ ನೀಲಿ, ಹೆಂಗಸರಿಗೆ ಕೆಂಪು. ಕೆಲವು ರ್ಯೊಕಾನ್‌ಗಳಲ್ಲಿ ಎರಡೂ ಸ್ನಾನಗೃಹಗಳ ಸೊಗಸು ಎಲ್ಲರಿಗೂ ಸಿಗಲೆಂದು ರಾತ್ರಿ ಕಳೆದ ಮೇಲೆ ಅವುಗಳನ್ನು ಅದಲುಬದಲು ಮಾಡುತ್ತಾರೆ. ಆದ್ದರಿಂದ ನಿನ್ನೆ ಸಂಜೆ ಹೋದ ಬಾಗಿಲಿಗೇ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ನುಗ್ಗದೆ, ಪರದೆಯನ್ನು ಮತ್ತೊಮ್ಮೆ ನೋಡಬೇಕು. ನಾಚಿಕೆಯ ವಿಷಯದಲ್ಲಿ, ಹೋಗಿಬಂದವರು ಸಾಮಾನ್ಯವಾಗಿ ಹೇಳುವ ಮಾತು ನಿಜ: ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ, ಮುಜುಗರವು ಮೈತೊಳೆದು ಮುಗಿಯುವಷ್ಟರಲ್ಲಿ ಕರಗಿಹೋಗುತ್ತದೆ. ಆದರೂ ಒಗ್ಗದವರು, ಮುಟ್ಟಿನ ದಿನಗಳಲ್ಲಿರುವವರು, ಮಕ್ಕಳೊಂದಿಗೆ ಒಟ್ಟಿಗೆ ಸ್ನಾನ ಮಾಡಬೇಕೆನ್ನುವವರು ಗಂಟೆಯ ಲೆಕ್ಕದಲ್ಲಿ ಖಾಸಗಿಯಾಗಿ ಕೊಡುವ ಕೊಳ ಇದೆಯೇ ಎಂದು ವಿಚಾರಿಸಬಹುದು. ಅನೇಕ ಕಡೆ ಇರುತ್ತದೆ.

ಕ್ರಮ ಹೀಗಿದೆ. ಹೊರಕೋಣೆಯಲ್ಲಿ ಬಟ್ಟೆಗಳನ್ನೆಲ್ಲ ಬುಟ್ಟಿಯಲ್ಲಿಟ್ಟು, ಸಣ್ಣ ಟವಲೊಂದನ್ನು ಮಾತ್ರ ಹಿಡಿದು ಒಳಗೆ ಹೋಗಬೇಕು. ಮೊಬೈಲನ್ನು ಒಳಗೆ ಒಯ್ಯುವಂತಿಲ್ಲ, ಹೊರಕೋಣೆಯಲ್ಲೂ ಅದನ್ನು ಹೊರತೆಗೆಯಬಾರದು. ಗೋಡೆಯ ಉದ್ದಕ್ಕೂ ನಲ್ಲಿ, ಸಾಬೂನು, ಗಿಡ್ಡ ಪೀಠಗಳಿರುತ್ತವೆ. ನಿಂತು ನೀರು ಚಿಮ್ಮಿಸದೆ, ಪೀಠದ ಮೇಲೆ ಕುಳಿತೇ ತಲೆ, ಮೈ ಎಲ್ಲವನ್ನೂ ಚೆನ್ನಾಗಿ ತೊಳೆದು, ಸಾಬೂನಿನ ನೊರೆ ಒಂದಿಷ್ಟೂ ಉಳಿಯದಂತೆ ನೋಡಿಕೊಳ್ಳಬೇಕು. ಕೊಳವಿರುವುದು ಮೈ ತೊಳೆಯುವುದಕ್ಕಲ್ಲ, ತೊಳೆದ ಮೈಯನ್ನು ಕಾಯಿಸುವುದಕ್ಕೆ. ಇಡೀ ವ್ಯವಸ್ಥೆ ನಿಂತಿರುವುದು ಈ ಒಂದು ಭೇದದ ಮೇಲೆ. ಕುಳಿತ ಪೀಠವನ್ನು ಮುಂದಿನವರಿಗಾಗಿ ತೊಳೆದಿಟ್ಟು, ಒಂದೆರಡು ಬೋಗುಣಿ ಕೊಳದ ನೀರನ್ನು ಮೈಮೇಲೆ ಸುರಿದುಕೊಂಡು ಬಿಸಿಗೆ ಒಗ್ಗಿಸಿ, ನಿಧಾನವಾಗಿ ಇಳಿಯಬೇಕು. ಉದ್ದ ಕೂದಲನ್ನು ಮೇಲೆ ಕಟ್ಟಿರಬೇಕು. ಟವಲು ನೀರಿಗೆ ತಾಗಬಾರದು, ಮಡಿಸಿ ತಲೆಯ ಮೇಲೆ ಇಟ್ಟುಕೊಳ್ಳುವುದು ವಾಡಿಕೆ. ಈಜುವುದು, ಮುಳುಗುವುದು, ಗಟ್ಟಿಯಾಗಿ ಮಾತಾಡುವುದು ಇಲ್ಲ.

ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿಯಷ್ಟಿರುವುದರಿಂದ ಮೊದಲ ಬಾರಿಗೆ ಐದು ನಿಮಿಷ ಸಾಕು. ಹೊರಬಂದು ತುಸು ಆರಿಸಿಕೊಂಡು ಮತ್ತೆ ಇಳಿಯಬಹುದು. ಮದ್ಯ ಸೇವಿಸಿದ ಮೇಲೆ ಇಳಿಯಬಾರದು. ಹೃದಯ, ರಕ್ತದೊತ್ತಡದ ತೊಂದರೆಯಿರುವವರು ವೈದ್ಯರನ್ನು ಮೊದಲೇ ಕೇಳಿರಬೇಕು. ಹೊರಕೋಣೆಗೆ ಮರಳುವ ಮುನ್ನ ಸಣ್ಣ ಟವಲನ್ನು ಹಿಂಡಿ ಮೈಯ ನೀರನ್ನು ಒರೆಸಿಕೊಳ್ಳಬೇಕು, ಇಲ್ಲವಾದರೆ ಆ ಕೋಣೆಯ ನೆಲವೆಲ್ಲ ಒದ್ದೆಯಾಗುತ್ತದೆ. ನೀರು ತೀರ ಆಮ್ಲೀಯವಾಗಿಲ್ಲದಿದ್ದರೆ ಮತ್ತೆ ಸಿಹಿನೀರಿನಲ್ಲಿ ತೊಳೆದುಕೊಳ್ಳದೆ ಹಾಗೆಯೇ ಬಿಡುವವರು ಹೆಚ್ಚು.

ಹಚ್ಚೆ ಇರುವವರಿಗೆ ಒಂದು ಎಚ್ಚರಿಕೆ. ಅಪರಾಧಿ ಗುಂಪುಗಳೊಂದಿಗೆ ಹಚ್ಚೆಗಿರುವ ಹಳೆಯ ನಂಟಿನ ಕಾರಣ ಅನೇಕ ಸ್ನಾನಗೃಹಗಳು ಇಂದಿಗೂ ಅವರನ್ನು ಒಳಗೆ ಬಿಡುವುದಿಲ್ಲ. ಚಿಕ್ಕದಾಗಿದ್ದರೆ ಅಂಟುಪಟ್ಟಿಯಿಂದ ಮುಚ್ಚಿಕೊಂಡು ಬರಲು ಕೆಲವು ಕಡೆ ಒಪ್ಪುತ್ತಾರೆ. ಹ್ಯೋಗೊ ಪ್ರಾಂತದ ಕಿನೊಸಾಕಿಯಲ್ಲಿ ಊರಿನ ಏಳು ಸಾರ್ವಜನಿಕ ಸ್ನಾನಗೃಹಗಳೂ ಹಚ್ಚೆಯಿರುವವರಿಗೆ ತೆರೆದಿವೆ. ಮೊದಲ ಬಾರಿಗೆ ಒನ್ಸೆನ್‌ಗೆ ಹೋಗುವ ಯಾರಿಗಾದರೂ ನಾನು ಸೂಚಿಸುವ ಊರು ಅದೇ. ರ್ಯೊಕಾನ್‌ನಲ್ಲಿ ಉಳಿದವರಿಗೆ ಈ ಸ್ನಾನಗೃಹಗಳ ಪ್ರವೇಶಪತ್ರ ಸಿಗುತ್ತದೆ, ಸಂಜೆಯಾದೊಡನೆ ಇಡೀ ಊರೇ ಯುಕಾತಾ ತೊಟ್ಟು, ಮರದ ಗೆತಾ ಮೆಟ್ಟಿ, ಒಂದು ಸ್ನಾನಗೃಹದಿಂದ ಇನ್ನೊಂದಕ್ಕೆ ಕಾಲುವೆಯ ದಂಡೆಯಲ್ಲಿ ನಡೆಯುತ್ತಿರುತ್ತದೆ. ಹೊಸಬರು ಎಂಬ ಮುಜುಗರಕ್ಕೆ ಅಲ್ಲಿ ಎಡೆಯೇ ಇರುವುದಿಲ್ಲ. ಕಟ್ಟಡದ ಚೆಲುವಿಗಾಗಿ ಹೋಗುವುದಾದರೆ ಮತ್ಸುಯಾಮಾದ ದೋಗೊ ಒನ್ಸೆನ್‌ನ ಮುಖ್ಯ ಸ್ನಾನಗೃಹವಿದೆ. 1894ರ ಆ ಮರದ ಕಟ್ಟಡ ದೀರ್ಘ ದುರಸ್ತಿಯ ಬಳಿಕ 2024ರ ಜುಲೈನಲ್ಲಿ ಪೂರ್ಣವಾಗಿ ಮತ್ತೆ ತೆರೆದುಕೊಂಡಿತು.

ಊಟ, ನಿದ್ರೆ, ಲೆಕ್ಕ

ಕೈಸೆಕಿ ಮಾದರಿಯ ರಾತ್ರಿಯೂಟ ಸಣ್ಣಸಣ್ಣ ಪಾತ್ರೆಗಳಲ್ಲಿ ಒಂದಾದ ಮೇಲೊಂದರಂತೆ ಬರುತ್ತದೆ. ಅನ್ನ, ಮಿಸೊ ಸಾರು, ಉಪ್ಪಿನಕಾಯಿ ಕೊನೆಗೆ. ಅನ್ನ ಯಾವಾಗ ಬರುತ್ತದೆಂದು ಮೊದಲೇ ಕೇಳಿ ಅವಸರಪಡಿಸುವುದು ಬೇಡ. ಆರಂಭದಲ್ಲಿ ಕೊಡುವ ಒದ್ದೆ ಟವಲು ಕೈಗೆ ಮಾತ್ರ, ಮುಖ ಒರೆಸುವುದಕ್ಕಲ್ಲ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ನಿಲ್ಲಿಸುವುದು, ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುಣುಕು ದಾಟಿಸುವುದು ಎರಡೂ ಶವಸಂಸ್ಕಾರದ ಆಚರಣೆಯನ್ನು ನೆನಪಿಸುವಂಥವು. ಉಳಿದ ತಪ್ಪುಗಳನ್ನು ಆತಿಥೇಯರು ಕಾಣದಂತೆ ಇರುತ್ತಾರೆ, ಇವೆರಡನ್ನು ಮಾತ್ರ ಕಾಣದಿರಲು ಅವರಿಗೂ ಆಗುವುದಿಲ್ಲ. ಅನ್ನದ ಬಟ್ಟಲು, ಸಾರಿನ ಬಟ್ಟಲುಗಳನ್ನು ಕೈಯಲ್ಲಿ ಎತ್ತಿಹಿಡಿದು ಉಣ್ಣುವುದೇ ಸರಿಯಾದ ರೀತಿ. ಮಂಡಿಯೂರಿ ಕುಳಿತುಕೊಳ್ಳುವುದು ಕಷ್ಟವಾದರೆ ಕಾಲು ಮಡಚಿ ಆರಾಮವಾಗಿ ಕೂರಬಹುದು. ಕುರ್ಚಿ ಬೇಕಾದ ಹಿರಿಯರಿದ್ದರೆ ಕಾಯ್ದಿರಿಸುವಾಗಲೇ ಹೇಳಿದರೆ ವ್ಯವಸ್ಥೆಯಾಗುತ್ತದೆ.

ಹಾಸಿಗೆ ಕೋಣೆಯಲ್ಲಿ ಇಲ್ಲವೆಂದು ಗಾಬರಿಯಾಗಬೇಕಾಗಿಲ್ಲ. ಅತಿಥಿಗಳು ಊಟದಲ್ಲಿರುವಾಗ ಸಿಬ್ಬಂದಿ ಬಂದು ಫುಟಾನ್ ಹಾಸಿ ಹೋಗುತ್ತಾರೆ. ಅವರು ಒಳಗೆ ಬರುತ್ತಾರೆಂಬುದನ್ನು ನೆನಪಿಟ್ಟು ಬೆಲೆಬಾಳುವ ವಸ್ತುಗಳನ್ನೂ ಚೆಲ್ಲಾಪಿಲ್ಲಿಯಾದ ಬಟ್ಟೆಗಳನ್ನೂ ಎತ್ತಿಡುವುದು ಸಭ್ಯತೆ. ಫುಟಾನ್ ತೆಳುವೆನಿಸಿದರೆ ಕಪಾಟಿನಲ್ಲಿರುವ ಇನ್ನೊಂದನ್ನು ಕೇಳಿ ಹಾಸಿಸಿಕೊಳ್ಳಬಹುದು.

ಬೆಳಿಗ್ಗೆ ಹತ್ತರ ಹೊತ್ತಿಗೆ ಕೋಣೆ ಬಿಡಬೇಕು. ಬಕ್ಷೀಸು ಕೊಡುವ ಪದ್ಧತಿ ಇಲ್ಲ. ಮೇಜಿನ ಮೇಲೆ ಹಣ ಬಿಟ್ಟುಹೋದರೆ ಮರೆತುಹೋದರೆಂದು ತಿಳಿದು ಹಿಂದೆ ಓಡಿಬರುವ ಸಂಭವವೇ ಹೆಚ್ಚು. ಕೋಣೆಯ ದರದ ಜೊತೆಗೆ ಒನ್ಸೆನ್ ಊರುಗಳಲ್ಲಿ ತಲೆಗೆ ಸಾಮಾನ್ಯವಾಗಿ 150 ಯೆನ್ ಸ್ನಾನ ತೆರಿಗೆ, ಕ್ಯೋಟೊದಂಥ ನಗರಗಳಲ್ಲಿ ವಸತಿ ತೆರಿಗೆ ಪ್ರತ್ಯೇಕವಾಗಿ ಬರುತ್ತವೆ, ಹಳೆಯ ಸಣ್ಣ ರ್ಯೊಕಾನ್‌ಗಳಲ್ಲಿ ಕಾರ್ಡ್ ನಡೆಯದಿರಬಹುದು. ಹಣವನ್ನು ಕೈಗೆ ಕೊಡದೆ ಎದುರಿಗಿರುವ ಚಿಕ್ಕ ತಟ್ಟೆಯಲ್ಲಿ ಇಡಬೇಕು.

ಸಸ್ಯಾಹಾರಿಗಳಿಗೆ ಕೋಯಾಸಾನ್

ದಾಶಿಯ ತಲೆನೋವೇ ಬೇಡವೆನ್ನುವವರು ವಾಕಾಯಾಮಾ ಪ್ರಾಂತದ ಕೋಯಾಸಾನ್‌ಗೆ ಹೋಗಬೇಕು. 816ರಲ್ಲಿ ಕೂಕಾಯ್ ಎಂಬ ಬೌದ್ಧಗುರು ಸ್ಥಾಪಿಸಿದ, ಶಿಂಗೋನ್ ಪಂಥದ ಕೇಂದ್ರವಾದ ಈ ಬೆಟ್ಟದೂರು 2004ರಿಂದ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಇಲ್ಲಿನ ಸುಮಾರು 50 ದೇವಾಲಯಗಳು ಪ್ರಯಾಣಿಕರಿಗೆ ವಸತಿ ಕೊಡುತ್ತವೆ. ಅಲ್ಲಿ ಬಡಿಸುವ ಶೋಜಿನ್ ರ್ಯೋರಿ ಎಂಬ ಬೌದ್ಧ ದೇವಾಲಯದ ಸಸ್ಯಾಹಾರದ ಅಡುಗೆಯಲ್ಲಿ ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ತಿಳಿಯನ್ನು ಕಡಲಕಳೆ ಮತ್ತು ಅಣಬೆಯಿಂದ ತಯಾರಿಸುತ್ತಾರೆ. ಎಳ್ಳಿನಿಂದ ಮಾಡಿದ ಗೋಮಾದೋಫು, ಊರಿನ ಹೆಸರನ್ನೇ ಹೊತ್ತ ಒಣ ತೋಫು ಇಲ್ಲಿನ ವಿಶೇಷಗಳು. ಕೋಣೆ, ತತಾಮಿ, ಯುಕಾತಾ, ಸಾಮೂಹಿಕ ಸ್ನಾನ ಎಲ್ಲವೂ ಮೇಲೆ ಹೇಳಿದ ಕ್ರಮದಲ್ಲಿಯೇ ನಡೆಯುತ್ತವೆ. ಆದರೆ ಸಮಯಪಾಲನೆ ಇನ್ನೂ ಬಿಗಿ: ಊಟ ಐದೂವರೆಯ ಸುಮಾರಿಗೇ ಬರುತ್ತದೆ, ರಾತ್ರಿ ಹೊರಬಾಗಿಲು ಬೇಗ ಮುಚ್ಚುತ್ತದೆ, ಬೆಳಗಿನ ಪೂಜೆ ಆರು ಗಂಟೆಯ ಹೊತ್ತಿಗೆ ಶುರುವಾಗುತ್ತದೆ. ಪೂಜೆಗೆ ಬರಲೇಬೇಕೆಂಬ ಒತ್ತಾಯ ಬಹುತೇಕ ಕಡೆ ಇಲ್ಲ, ಆದರೂ ತಪ್ಪಿಸಿಕೊಳ್ಳಬಾರದು. ಮಂತ್ರಪಠಣವಾಗುವಾಗ ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ಊರು ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಬೇಸಿಗೆಯಲ್ಲೂ ರಾತ್ರಿಗೊಂದು ಬೆಚ್ಚನೆಯ ಮೇಲಂಗಿ ಇರಲಿ.

ಒಸಾಕಾದ ನಂಬಾ ನಿಲ್ದಾಣದಿಂದ ನಂಕಾಯ್ ರೈಲಿನಲ್ಲಿ ಗೊಕುರಾಕುಬಾಶಿಗೆ ಹೋಗಿ, ಅಲ್ಲಿಂದ ಕೇಬಲ್ ಕಾರಿನಲ್ಲಿ ಮೇಲೇರಬೇಕು. ಮೇಲಿನ ನಿಲ್ದಾಣದಿಂದ ಊರಿನೊಳಕ್ಕೆ ಹೋಗುವ ರಸ್ತೆಯಲ್ಲಿ ಕಾಲ್ನಡಿಗೆಗೆ ಅವಕಾಶವಿಲ್ಲದ ಕಾರಣ ಬಸ್ಸನ್ನೇ ಹಿಡಿಯಬೇಕು. ಮರುದಿನ ಉಪಾಹಾರ ಮುಗಿಸಿ, ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳ ನಡುವೆ ಹಳೆಯ ದೇವದಾರುಗಳ ನೆರಳಿನಲ್ಲಿ ಸಾಗುವ ಕೂಕಾಯ್ ಅವರ ಸಮಾಧಿಮಂದಿರವಿರುವ ಓಕುನೊಯಿನ್‌ನ ಸುಮಾರು ಎರಡು ಕಿಲೋಮೀಟರ್ ದಾರಿಯನ್ನು ಇಚಿನೊಹಾಶಿ ಸೇತುವೆಯಿಂದ ನಡೆದು ಬರಬಹುದು. ಕೂಕಾಯ್ ಇಂದಿಗೂ ಧ್ಯಾನದಲ್ಲಿದ್ದಾರೆಂಬ ನಂಬಿಕೆಯಿಂದ ಅವರಿಗೆ ದಿನಕ್ಕೆರಡು ಬಾರಿ, ಬೆಳಿಗ್ಗೆ ಆರಕ್ಕೂ ಹತ್ತೂವರೆಗೂ ಭಿಕ್ಷುಗಳು ಆಹಾರವನ್ನು ಹೊತ್ತು ತರುತ್ತಾರೆ. ಒಂಬತ್ತರ ಸುಮಾರಿಗೆ ನಡೆಯಲು ಆರಂಭಿಸಿದರೆ ಎರಡನೆಯದನ್ನು ಕಾಣಲು ಸಾಕಷ್ಟು ಸಮಯವಿರುತ್ತದೆ. ಕೊನೆಯ ಸೇತುವೆಯಾದ ಗೊಬ್ಯೊಬಾಶಿಯನ್ನು ದಾಟುವ ಮುನ್ನ ಟೋಪಿ ತೆಗೆದು, ಕ್ಯಾಮೆರಾ ಮತ್ತು ಮೊಬೈಲನ್ನು ಚೀಲದೊಳಗೆ ಇಟ್ಟುಬಿಡಬೇಕು.